ವಾರಕ್ಕೆ ಹತ್ತು ರೂಪಾಯಿಯ ಕಟ್ಟೆ

ನಮ್ಮ ಕಾಗವಾಡದ ಕಡೆ ಊರೆಂದರೆ ಮೊದಲು ಕಟ್ಟೆ, ಆಮೇಲೆ ಮನೆಗಳು. ಬೇವಿನ ಮರದ ಸುತ್ತ ಒಂದು, ಹನುಮಪ್ಪನ ಗುಡಿಯ ಮುಂದೆ ಒಂದು, ಪಂಚಾಯಿತಿಯ ಎದುರಿಗೆ ಇನ್ನೊಂದು. ಮುಂಜಾನೆ ಒಂದು ಬಸಿ ಚಹಾ ಹೊಟ್ಟೆಗೆ ಬಿದ್ದರೆ ಸಾಕು, ಗಂಡಸರು ಅಲ್ಲಿ ಹಾಜರು. ಉಗಾರದ ಕಾರ್ಖಾನೆ ಈ ಸಲ ಕಬ್ಬಿಗೆ ಏನು ದರ ಕಟ್ಟುತ್ತದೆ, ಕೊಯ್ನಾದಿಂದ ಕೃಷ್ಣೆಗೆ ನೀರು ಬಿಟ್ಟರೋ ಇಲ್ಲವೋ, ಚಿಕ್ಕೋಡಿ ಜಿಲ್ಲೆಯಾಗುವುದು ಯಾವ ಕಾಲಕ್ಕೆ? ಇವೆಲ್ಲ ಅಲ್ಲೇ ತೀರ್ಮಾನವಾಗಿ, ಅಲ್ಲೇ ರದ್ದಾಗಿ, ಮರುದಿನ ಮತ್ತೆ ಅಲ್ಲೇ ಚರ್ಚೆಗೆ ಬರುತ್ತವೆ. ಬಾಡಿಗೆಯಿಲ್ಲ, ವರ್ಗಣಿಯಿಲ್ಲ, ಹಾಜರಿ ಪುಸ್ತಕವಂತೂ ಇಲ್ಲವೇ ಇಲ್ಲ.

ಈಗ ನೀವೇ ಹೇಳಿ, ಆ ಕಟ್ಟೆಯ ಮೇಲೆ ಒಬ್ಬ ಹೆಣ್ಣುಮಗಳು ಕಾಲು ಇಳಿಬಿಟ್ಟು ಆರಾಮಾಗಿ ಕೂತದ್ದನ್ನು ಯಾವಾಗಲಾದರೂ ನೋಡಿದ್ದೀರಾ? ಕೂರಬಾರದೆಂದು ಯಾರೂ ಬೋರ್ಡು ಹಾಕಿಲ್ಲ. ಬೋರ್ಡು ಹಾಕದ ಕಾಯದೆಗಳೇ ಹೆಚ್ಚು ಗಟ್ಟಿ, ಬಿಡಿ. ಕಟ್ಟೆಯ ಮುಂದೆ ಹಾಯುವಾಗ ಸೆರಗು ಸರಿಮಾಡಿಕೊಂಡು ಹೆಜ್ಜೆ ಬಿರುಸಾಗಿ ಹಾಕಬೇಕು, ಅಷ್ಟೇ.

ಹೆಂಗಸರಿಗೆ ಹೊಸ್ತಿಲು ದಾಟಲು ಒಂದು ಕಾರಣ ಬೇಕಿತ್ತು. ನೀರಿಗೆ ಬಾವಿ, ಅರಿವೆಗೆ ಹೊಳೆ, ಹುಣ್ಣಿಮೆಗೆ ಗುಡಿ, ಪಂಚಮಿಗೆ ತವರು. ಇದೆಲ್ಲಕ್ಕಿಂತ ದೊಡ್ಡ ಕಾರಣ ಮಿರಜದ ದವಾಖಾನೆ. ಮಿರಜ ಮಹಾರಾಷ್ಟ್ರಕ್ಕೆ ಸೇರಿದ್ದಾದರೂ ಬೇನೆಗೆ ರಾಜ್ಯದ ಗಡಿ ಗೊತ್ತಿರುವುದಿಲ್ಲ ನೋಡಿ. ಎಷ್ಟೋ ಮಂದಿಯ ಬೆನ್ನುನೋವು ಮಿರಜದ ಪೇಟೆ ಕಣ್ಣಿಗೆ ಬೀಳುತ್ತಲೇ ಅರ್ಧ ವಾಸಿಯಾದದ್ದುಂಟು. ಆಮೇಲೆ ಮನೆಗೆ ನಲ್ಲಿ ಬಂದು ಬಾವಿ ಹೋಯಿತು, ವಾಷಿಂಗ್ ಮಶೀನು ಬಂದು ಹೊಳೆಯೂ ಹೋಯಿತು. ಸವಲತ್ತು ಹೆಚ್ಚಿದಂತೆಲ್ಲ ಪಾಪ, ನೆಪಗಳು ಕಡಿಮೆಯಾದವು.

ಅಂಥ ಹೊತ್ತಿಗೆ ಬಂತು ಸಂಘ. 2000-01ರಲ್ಲಿ ಸರ್ಕಾರ ಸ್ತ್ರೀಶಕ್ತಿ ಯೋಜನೆ ತಂದಾಗ ಹದಿನೈದಿಪ್ಪತ್ತು ಹೆಂಗಸರು ವಾರಕ್ಕೊಮ್ಮೆ ಯಾರದಾದರೂ ಪಡಸಾಲೆಯಲ್ಲಿ ಜಮಖಾನ ಹಾಸಿ ಕೂಡತೊಡಗಿದರು. ಕೈಲಾದಷ್ಟು, ಹತ್ತೋ ಇಪ್ಪತ್ತೋ ರೂಪಾಯಿ ಪೆಟ್ಟಿಗೆಗೆ ಹಾಕುವುದು, ಪುಸ್ತಕದಲ್ಲಿ ಸಹಿ, ಸಹಿ ಬಾರದವರದು ಹೆಬ್ಬೆಟ್ಟು, ಹಿಂದಿನ ವಾರದ ಸಾಲದ ವಿಚಾರಣೆ. ಇಷ್ಟಕ್ಕೆ ಅರ್ಧ ತಾಸು ಸಾಕು. ಸಭೆ ನಡೆಯುವುದು ಮಾತ್ರ ಎರಡು ತಾಸು. ಉಳಿದ ಒಂದೂವರೆ ತಾಸು ಏನು ನಡೆಯುತ್ತದೆ? ಅದೇ ನಿಜವಾದ ಸಭೆ. ಗಂಡಸರಿಗೆ ಹುಟ್ಟಿನಿಂದಲೇ ಪುಕ್ಕಟೆ ಸಿಕ್ಕ ಕಟ್ಟೆಯನ್ನು ಹೆಂಗಸರು ವಾರಕ್ಕೆ ಹತ್ತು ರೂಪಾಯಿ ಕೊಟ್ಟು ಗಳಿಸಿಕೊಂಡರು ಎಂದೇ ನನ್ನ ವಾದ.

ಈ ಸಂಘದ ಕಥೆಗೂ ಟಿಬೆಟ್ಟಿಗೂ ನಂಟಿದೆ ಎಂದರೆ ನಗಬೇಡಿ. ಟಿಬೆಟ್ಟಿನಿಂದ ಬಂದ ನಿರಾಶ್ರಿತರಿಗೆ ನೆಲೆ ಕಲ್ಪಿಸಲು 1968ರಲ್ಲಿ ಹುಟ್ಟಿದ್ದು ಮೈರಾಡ ಸಂಸ್ಥೆ. ಆ ಕೆಲಸದಿಂದ ಅದು ಹಳ್ಳಿಯ ಬಡವರ ಕಡೆ ಹೊರಳಿತು. ದೊಡ್ಡ ಸಹಕಾರ ಸಂಘಗಳು ಒಳಜಗಳದಲ್ಲಿ ಒಡೆದಾಗ, ಒಬ್ಬರನ್ನೊಬ್ಬರು ನಂಬುವ ಸಣ್ಣ ಸಣ್ಣ ಗುಂಪುಗಳು ಮಾತ್ರ ಉಳಿದುಕೊಂಡದ್ದನ್ನು ಮೈರಾಡದವರು ಎಂಬತ್ತರ ದಶಕದಲ್ಲಿ ಕಂಡರು. 1992ರಲ್ಲಿ ನಬಾರ್ಡ್ ಇಂಥ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸಲು ಹೊರಟಿತು. ಲಾಸಾದಿಂದ ಹೊರಟ ದಾರಿ ಹೀಗೆ ನಮ್ಮ ಪಡಸಾಲೆಯ ಜಮಖಾನದವರೆಗೆ ಬಂತು.

ಮೈರಾಡದ ಹೆಸರು ಬಂತಲ್ಲ, ಘಟಪ್ರಭೆಯ ಮಾತು ಹೇಳದೆ ಮುಂದೆ ಹೋಗಲಾಗದು. ದೇವದಾಸಿ ಪದ್ಧತಿಯನ್ನು ತಡೆಯಲು ಮುಂಬೈ ಪ್ರಾಂತ್ಯದ ಕಾಯದೆ 1934ರಲ್ಲೇ ಬಂದಿತ್ತು, ಬೆಳಗಾವಿ ಆಗ ಆ ಪ್ರಾಂತ್ಯದಲ್ಲಿತ್ತು. 1982ರಲ್ಲಿ ಕರ್ನಾಟಕದ ಕಾಯದೆಯೂ ಬಂತು. ಎರಡು ಕಾಯದೆ ಬಂದರೂ ಯಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟುವುದು ಗುಟ್ಟಾಗಿ ನಡೆದೇ ಇತ್ತು. 1997ರಲ್ಲಿ ಘಟಪ್ರಭೆಯಲ್ಲಿ ಮೈರಾಡದ ಬೆಂಬಲದಿಂದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ, ಜನರ ಬಾಯಲ್ಲಿ ಬರೀ ‘ಮಾಸ್’, ಶುರುವಾಯಿತು. ಅದರ ವಿಶೇಷವೆಂದರೆ ಸದಸ್ಯರೂ ಮುಂದಾಳುಗಳೂ ಮಾಜಿ ದೇವದಾಸಿಯರೇ. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿ ನಮ್ಮ ಚಿಕ್ಕೋಡಿ ತಾಲೂಕಿನ ಕಬ್ಬೂರಿನವರು. ಅವರಿಗೆ ಮುತ್ತು ಕಟ್ಟಿದಾಗ ವಯಸ್ಸು ಏಳು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಕಾಯದೆಯ ಪುಸ್ತಕ ಹೋಗಲಾರದ ಅಂಗಳಗಳಿಗೆ ಈ ಹೆಂಗಸರು ಹೋಗಿ ಕೂತರು, ‘ನಮ್ಮ ಬಾಳು ನೋಡ್ರಿ, ನಿಮ್ಮ ಮಗಳಿಗೆ ಇದು ಬ್ಯಾಡ’ ಎಂದರು. ಕೂತು ಮಾತಾಡುವುದರ ತಾಕತ್ತು ಇದು. ನಮ್ಮ ಕಟ್ಟೆಯ ಮೇಲೆ ಇಷ್ಟು ವರ್ಷ ಮಾತಾಡಿ ನಾವು ಏನು ನಿಲ್ಲಿಸಿದ್ದೇವೆ? ಬಿಡಿ, ಅದು ಬೇಡ.

ನಿಪ್ಪಾಣಿಯ ಹೆಂಗಸರಿಗೆ ಪಡಸಾಲೆಯೂ ಇರಲಿಲ್ಲ, ಇದ್ದದ್ದು ತಂಬಾಕಿನ ವಖಾರಿ. ಅಲ್ಲಿ ತಂಬಾಕು ಬಡಿದು, ಸೋಸಿ, ಘಾಟು ಕುಡಿದು ದಿನವಿಡೀ ದುಡಿದರೂ ಕೂಲಿ ಚಿಲ್ಲರೆ. ಎಂಬತ್ತರ ಆರಂಭದಲ್ಲಿ ಸಾವಿರಾರು ಜನ ಚಿಕ್ಕೋಡಿ ತಾಲೂಕು ಕಾಮಗಾರ ಮಹಾಸಂಘದ ಅಡಿಯಲ್ಲಿ ಒಂದಾಗಿ ಕೆಲಸ ನಿಲ್ಲಿಸಿ ಬೀದಿಗಿಳಿದರು. ದೀಪಾ ಧನರಾಜ್ ಮತ್ತು ಅವರ ಯುಗಾಂತರ ತಂಡದವರು ಬೆಂಗಳೂರಿನಿಂದ ಬಂದು ಈ ಹೆಂಗಸರ ಜೊತೆಗಿದ್ದು 1982ರಲ್ಲಿ ‘ತಂಬಾಕು ಚಾಕಿಲಾ ಊಬ್ ಆಲಿ’ ಎಂಬ ಸಾಕ್ಷ್ಯಚಿತ್ರ ಮಾಡಿದರು. ಹೆಸರು ಮರಾಠಿಯದು. ನಿಪ್ಪಾಣಿಯಲ್ಲಿ ಮಾತು ಮರಾಠಿಯಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯುತ್ತದೆ, ಕೂಲಿಯ ಜಗಳಕ್ಕೆ ಎರಡೂ ಸಾಲುವುದಿಲ್ಲ.

ಇನ್ನು ಅಥಣಿಯ ಚಪ್ಪಲಿ. ಕೊಲ್ಲಾಪುರಿ ಎಂದು ದೇಶವೆಲ್ಲ ಮೆಟ್ಟುವ ಜೋಡುಗಳಲ್ಲಿ ಎಷ್ಟೋ ನಮ್ಮ ಅಥಣಿಯಲ್ಲಿ ಹುಟ್ಟಿದವು. ಕೊಲ್ಲಾಪುರದ ಹೆಸರು, ಅಥಣಿಯ ಬೆವರು. 2019ರಲ್ಲಿ ಭೌಗೋಳಿಕ ಗುರುತು ಕೊಡುವಾಗ ಮಹಾರಾಷ್ಟ್ರದ ನಾಲ್ಕು, ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ ಸಮನಾಗಿ ಕೊಟ್ಟು ಜಗಳ ಬಗೆಹರಿಸಿದರು. ಮನೆಯೊಳಗಿನ ಪಾಲು ಅಷ್ಟು ಸಲೀಸಾಗಿ ಬಗೆಹರಿಯಲಿಲ್ಲ. ಚರ್ಮ ಕತ್ತರಿಸುವುದು, ಅಟ್ಟೆ ಕೂಡಿಸುವುದು ಗಂಡಸರ ಕೆಲಸ. ಹೊಲಿಗೆ, ಹೆಣಿಗೆ, ತೂತು ಹೊಡೆಯುವ ಕುಸುರಿ ಹೆಂಗಸರದು. ಪೇಟೆಗೆ ಹೋಗಿ ರೊಕ್ಕ ಎಣಿಸುವುದು ಯಾರದು ಎಂದು ಕೇಳಬೇಡಿ. ತೊಂಬತ್ತರ ದಶಕದ ಕೊನೆಗೆ ಬೆಂಗಳೂರಿನ ಅಸೆಂಟ್ ಸಂಸ್ಥೆ ಬಂದು ಈ ಹೆಂಗಸರ ಸಂಘಗಳನ್ನು ಕಟ್ಟಿತು. ಅವು ಒಟ್ಟುಗೂಡಿ ‘ಟೋಹೋಲ್ಡ್’ ಎಂಬ ತಮ್ಮದೇ ಹೆಸರಿನಲ್ಲಿ ಪರದೇಶಕ್ಕೂ ಚಪ್ಪಲಿ ಮಾರಿದವು. 2025ರ ಜೂನಿನಲ್ಲಿ ಪ್ರಾಡಾ ಕಂಪನಿ ಮಿಲಾನಿನಲ್ಲಿ ಇಂಥದೇ ಚಪ್ಪಲಿ ತೋರಿಸಿ, ಮೂಲದ ಹೆಸರೆತ್ತದೆ ಬೈಸಿಕೊಂಡಿತಲ್ಲ, ಆಗ ಕಟ್ಟೆಯ ಮೇಲೆ ಒಂದು ವಾರ ಅದೇ ಮಾತು. ಇಟಲಿಯವರು ಹೆಸರು ಹೇಳಲಿಲ್ಲವೆಂದು ಸಿಟ್ಟಾದವರಲ್ಲಿ ಎಷ್ಟು ಜನ ಹೊಲಿದವಳ ಹೆಸರು ಕೇಳಿದ್ದರೋ!

ಈಗ ಹೊಸ್ತಿಲು ದಾಟಲು ಬಸ್ಸೂ ಇದೆ. 2023ರ ಜೂನ್ 11ರಿಂದ ಕರ್ನಾಟಕದ ಕೆಂಪು ಬಸ್ಸಿನಲ್ಲಿ ಹೆಂಗಸರಿಗೆ ಟಿಕೇಟಿನ ರೊಕ್ಕವಿಲ್ಲ, ಅದೇ ವರ್ಷದ ಮಾರ್ಚಿನಿಂದ ಮಹಾರಾಷ್ಟ್ರದ ಬಸ್ಸಿನಲ್ಲಿ ಅರ್ಧ ಟಿಕೇಟು. ಗಡಿಯ ಮೇಲಿರುವ ಕಾಗವಾಡದ ಹೆಂಗಸರು ಎರಡೂ ಸರ್ಕಾರಗಳ ಲೆಕ್ಕ ಬಾಯಿಪಾಠ ಮಾಡಿದ್ದಾರೆ. ಗಂಡ ಬಸ್ಸಿಗೆ ಪೂರಾ ರೊಕ್ಕ ಕೊಟ್ಟು ಪಕ್ಕದಲ್ಲಿ ನಿಂತಿರುತ್ತಾನೆ. ಸಮಾನತೆಯ ಬಗ್ಗೆ ಅವನು ಮಾಡುವ ಭಾಷಣ ಅವತ್ತು ಕೇಳಬೇಕು!

ನಮ್ಮ ಓಣಿಯ ವೈನಿಯೊಬ್ಬರು ಮೊನ್ನೆ ಸಂಘದ ಪುಸ್ತಕ ಬಗಲಲ್ಲಿಟ್ಟುಕೊಂಡು ಹೊರಟಿದ್ದರು. ನನ್ನ ಬಾಯಿ ಸುಮ್ಮನಿರಬೇಕಲ್ಲ, ‘ವೈನೀ, ಅಷ್ಟೊತ್ತು ಕೂತು ಏನ ಮಾತಾಡತೀರಿ ಅಲ್ಲೆ?’ ಎಂದೆ.

‘ನೀವು ಕಟ್ಟಿ ಮ್ಯಾಲ ಏನ ಮಾತಾಡತೀರಿ, ಅದನ್ನ,’ ಎಂದರು. ನಾಲ್ಕು ಹೆಜ್ಜೆ ಹೋಗಿ ತಿರುಗಿ, ‘ಆದ್ರ ನಾವು ಬರದಿಡತೇವ್ರಿ,’ ಎಂದರು.

ಒಂದು ಪ್ರಶ್ನೆ ಮಾತ್ರ ಬಗೆಹರಿಯದೆ ಉಳಿದಿದೆ. ಪಂಚಾಯಿತಿಯಲ್ಲಿ ಅರ್ಧ ಖುರ್ಚಿ ಹೆಂಗಸರದಾಯಿತು, ಸಾಲದ ದಾರಿ ಬ್ಯಾಂಕಿನವರೆಗೆ ಸವೆದಾಯಿತು, ಆದರೆ ಸಂಘದ ದಿನ ಮನೆಯಲ್ಲಿ ಚಹಾ ಯಾರು ಮಾಡಬೇಕೆಂಬ ಸುತ್ತೋಲೆ ಯಾವ ಇಲಾಖೆಯಿಂದಲೂ ಬಂದಿಲ್ಲ. ಸದ್ಯಕ್ಕೆ ಆ ದಿನ ಕಟ್ಟೆಯವರೆಲ್ಲ ಹೋಟೆಲಿಗೆ ನಡೆಯುತ್ತೇವೆ. ಹೋಟೆಲಿನವನು ಸಂಘ ವಾರಕ್ಕೆ ಎರಡು ಸಲ ಕೂಡಲಿ ಎನ್ನುತ್ತಿದ್ದಾನೆ.