ತಿರುಗದ ತಲೆ

ಬೆಳಿಗ್ಗೆ ಏಳಕ್ಕೆ ರಾತ್ರಿ ಪಾಳಿಯ ಹುಡುಗನ ಫೋನು. "ಸಾರ್, ಹೆಡ್ ತಿರುಗ್ತಿಲ್ಲ. ಕೆಂಪು ಲೈಟ್ ಬಂದಿದೆ."

ಪೀಣ್ಯದಲ್ಲಿ ನನ್ನ ಕೆಲಸ ಅಳತೆ ತೆಗೆಯುವುದು. ಗಂಗೊಳ್ಳಿಯಲ್ಲಿ ಹೀಗಂದರೆ "ಟೈಲರಾ?" ಅಂತ ಕೇಳಿದವರಿದ್ದಾರೆ. ಲೋಹದ ಬಿಡಿಭಾಗ ಡ್ರಾಯಿಂಗಿನಂತೆ ಬಂದಿದೆಯೋ ಇಲ್ಲವೋ ಎಂದು ಮುಟ್ಟಿ ಮುಟ್ಟಿ ನೋಡುವ ಯಂತ್ರ ನಮ್ಮದು, ಹೆಸರು ಸಿಎಂಎಂ. ಗ್ರಾನೈಟ್ ಮೇಜು, ಮೇಲಿಂದ ಇಳಿದ ಕಂಬ, ಕಂಬದ ತುದಿಗೆ ತಿರುಗುವ ಹೆಡ್, ಅದಕ್ಕೆ ಪ್ರೋಬ್, ಪ್ರೋಬಿನ ತುದಿಯಲ್ಲೊಂದು ಪುಟ್ಟ ಕೆಂಪು ಗುಂಡು. ಮುಟ್ಟಿದೊಡನೆ ಸಿಗ್ನಲ್ ಕೊಡುವ ಇಂಥ ಪ್ರೋಬನ್ನು ಡೇವಿಡ್ ಮೆಕ್‌ಮರ್ಟ್ರಿ ಮೊದಲು ಮಾಡಿದ್ದು 1970ರ ದಶಕದ ಆರಂಭದಲ್ಲಿ, ಕಾಂಕಾರ್ಡ್ ವಿಮಾನದ ಎಂಜಿನ್ನಿನ ಸಣ್ಣ ಪೈಪುಗಳನ್ನು ಅಳೆಯಲಿಕ್ಕೆ. ವಿಮಾನ ಮೂಲೆ ಸೇರಿತು, ಪ್ರೋಬ್ ಉಳೀತು.

ಹೆಡ್ ಒಂದು ಸಲಕ್ಕೆ 7.5 ಡಿಗ್ರಿಯ ಹೆಜ್ಜೆಯಲ್ಲಿ ತಿರುಗುತ್ತದೆ. ಮೇಲೆ ಕೆಳಗೆ 105 ಡಿಗ್ರಿ, ಸುತ್ತ ಎಡಕ್ಕೂ ಬಲಕ್ಕೂ 180. ಒಟ್ಟು 720 ಭಂಗಿ. ಪ್ರತಿ ಸಲವೂ ಲಾಕ್ ಬಿಚ್ಚಿ, ತಿರುಗಿ, ಮತ್ತೆ ಸರಿಯಾಗಿ ಕೂತು ಲಾಕ್ ಆಗಬೇಕು. ಕೂರದಿದ್ದರೆ ಕೆಂಪು ಲೈಟ್.

ನಾನು ಹೋಗುವಷ್ಟರಲ್ಲಿ ತೀರ್ಪು ಆಗಿಹೋಗಿತ್ತು: ಹುಡುಗ ಎಲ್ಲೋ ಗುದ್ದಿಸಿದ್ದಾನೆ. ಅವನು ಟ್ರೈನಿ, ಕೆಲಸ ಇನ್ನೂ ಖಾಯಂ ಆಗಿಲ್ಲ. ಮುಖ ಸಣ್ಣದು ಮಾಡಿಕೊಂಡು, "ನಾಲ್ಕು ಸಲ ರೀಸೆಟ್ ಮಾಡಿ ಮುಂದುವರಿಸಿದೆ ಸಾರ್, ಗುದ್ದಿಸಿಲ್ಲ" ಅಂದ. ಹನ್ನೊಂದಕ್ಕೆ ಲಾಟ್ ಹೊರಡಬೇಕು. ರೀಸೆಟ್ ಒತ್ತಿ ಮುಗಿಸಿಬಿಡುವ ಆಸೆ ನನಗೂ ಇತ್ತು, ಸುಳ್ಳು ಯಾಕೆ ಹೇಳಲಿ.

ಒಂದೊಂದೇ ಅಕ್ಷ ತಿರುಗಿಸಿದೆ. ಮೇಲೆ ಕೆಳಗೆ ಸರಿ. ಎಡಕ್ಕೆ 180ರವರೆಗೂ ಸರಿ. ಬಲಕ್ಕೆ 90 ದಾಟಿದ ಮೇಲೆ ಗೊಣಗಿ ನಿಲ್ಲುತ್ತಿತ್ತು, ಕೆಲವೊಮ್ಮೆ ಮಾತ್ರ ಕೂರುತ್ತಿತ್ತು. ಉದ್ದದ ಎಕ್ಸ್‌ಟೆನ್ಷನ್ ತೆಗೆದು ಭಾರ ಇಳಿಸಿದೆ. ಆಗಲೂ ಅಷ್ಟೇ. "ಮೋಟಾರ್ ಹೋಗಿದೆ, ಸರ್ವಿಸಿಗೆ ಕಳಿಸಿ" ಅಂದರು ಮ್ಯಾನೇಜರ್. ಒಂದು ದಿಕ್ಕಿಗೆ ಮಾತ್ರ ಕೆಡುವ ಮೋಟಾರ್ ಎಂಥದ್ದು?

ಅಷ್ಟರಲ್ಲಿ ಅಪ್ಪಯ್ಯನ ಫೋನ್. ಅವರು ಗಂಗೊಳ್ಳಿ ಬಂದರದಲ್ಲಿ ಬೋಟಿನ ಎಂಜಿನ್ ರಿಪೇರಿ ಮಾಡುವವರು. ಐದು ನದಿ ಸೇರುವ ಅಳಿವೆ ದಾಟಿ ಬಂದ ಬೋಟು "ಎಂಜಿನ್ ಎಳೀತಿಲ್ಲ" ಅಂದರೆ ಅವರು ಸ್ಪ್ಯಾನರ್ ಮುಟ್ಟುವುದಿಲ್ಲ, ಮೊದಲು ನೀರಿಗಿಳಿದು ಪ್ರೊಪೆಲ್ಲರಿಗೆ ಬಲೆ ಸುತ್ತಿದೆಯಾ ನೋಡುತ್ತಾರೆ. ಕತೆ ಕೇಳಿ ಅವರಂದದ್ದು ಇಷ್ಟೇ: "ಬಿಚ್ಚುಕೆ ಹೋಗ್ಬೇಡ ಮಗಾ. ಹೊರ್ಗಿಂದ ಎಂತ ತಡೀತ್ ಅಂತ ಮೊದ್ಲ್ ಕಾಣ್."

ಅಪ್ಪಯ್ಯ ಶಾಫ್ಟನ್ನು ಕೈಯಲ್ಲೇ ತಿರುಗಿಸಿ ನೋಡುತ್ತಾರೆ. ಇಲ್ಲಿ ಹಾಗೆ ಕೈಹಾಕಿದರೆ ಹೆಡ್ಡೇ ಹಾಳು. ಹಾಗಾಗಿ ಮೇಜಿನ ಪಕ್ಕ ಮೊಣಕಾಲೂರಿ ಕೂತು, ನಿಧಾನ ತಿರುಗಿಸುತ್ತ ಕೆಳಗಿನಿಂದ ನೋಡಿದೆ. ಪ್ರೋಬಿಗೆ ಹೊರಗಿನಿಂದ ಇಳಿದ ಹೆಚ್ಚುವರಿ ಕೇಬಲ್ 90 ದಾಟುತ್ತಲೇ ತಂತಿಯಂತೆ ಬಿಗಿಯಾಗುತ್ತಿತ್ತು. ಕಂಬಕ್ಕೆ ಅದನ್ನು ಬಿಗಿದದ್ದು ಒಂದು ಬಿಳಿ ಪ್ಲಾಸ್ಟಿಕ್ ಟೈ. ಮೂರು ದಿನದ ಹಿಂದೆ, ಆಡಿಟ್‌ಗೆ ಚಂದ ಕಾಣಲಿ ಅಂತ ಹಾಕಿದ್ದು.

ಕತ್ತರಿಸುವ ಮೊದಲು ಒಂದು ಕೆಲಸವಿತ್ತು. ಆಚೀಚೆ ಲಾಕ್ ಆದ ಭಂಗಿಯಲ್ಲೇ ಮಾಸ್ಟರ್ ಬಾಲ್ ಮುಟ್ಟಿಸಿದೆ. 14 ಮೈಕ್ರಾನ್ ಸರಿದಿತ್ತು. ಎಳೆತ ಲಾಕ್ ಆದ ಮೇಲೂ ಬಿಟ್ಟಿರಲಿಲ್ಲ. 200 ಮಿಲಿಮೀಟರ್ ಉದ್ದದ ತುದಿಯಲ್ಲಿ 0.01 ಡಿಗ್ರಿ ವಾಲಿದರೂ ಸುಮಾರು 35 ಮೈಕ್ರಾನ್ ತಪ್ಪು. ನಮ್ಮ ಭಾಗಕ್ಕಿದ್ದ ಅವಕಾಶವೇ 20. ಅಂದರೆ ರಾತ್ರಿ "ಓಕೆ" ಆದ ಒಂದನ್ನೂ ನಂಬುವಂತಿಲ್ಲ.

ಟೈ ಕತ್ತರಿಸಿದೆ. ಹೆಡ್ 180ರವರೆಗೆ ಸಲೀಸಾಗಿ ಹೋಯಿತು. ಎಲ್ಲ ಭಂಗಿಗಳನ್ನೂ ಮತ್ತೆ ಕ್ಯಾಲಿಬ್ರೇಟ್ ಮಾಡಲು ಹುಡುಗನಿಗೆ ಹೇಳಿ, ಲಾಟ್ ನಿಲ್ಲಿಸಲು ಡಿಸ್ಪ್ಯಾಚಿಗೆ ಹೋದೆ. ಅಲ್ಲಿ ಕೇಳಿಸಿಕೊಂಡದ್ದನ್ನು ಇಲ್ಲಿ ಬರೆಯುವುದು ಬೇಡ. ಆಮೇಲೆ ಮ್ಯಾನೇಜರ್ ಕೋಣೆಗೆ ಹೋಗಿ ಟೈ ಮೇಜಿನ ಮೇಲಿಟ್ಟೆ.

ಸಂಜೆ ಅಪ್ಪಯ್ಯನಿಗೆ ಫೋನ್ ಮಾಡಿದೆ. ಕೇಬಲ್ ಕತೆ ಕೇಳಿ ಖುಷಿಯಾಯಿತು ಅವರಿಗೆ.

"ಅದ್ ಸರಿ, ಕಟ್ಟದ್ದ್ ಯಾರ್?"

"ನಾನೇ."

ಆ ಕಡೆಯಿಂದ ಸ್ವಲ್ಪ ಹೊತ್ತು ಬೋಟಿನ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ, "ಉಂಡ್ಯಾ?" ಅಂದರು.