ಕೇರ್ ಆಫ್ 56 ಎಪಿಒ

ಮೂರನೇ ಇಯತ್ತೆಯಲ್ಲಿ ಮಾಸ್ತರರು ‘ನಿಮ್ಮಪ್ಪ ಯಾವ ಊರಾಗ ಇರ್ತಾರ?’ ಎಂದು ಕೇಳಿದಾಗ ನಾನು ‘ಐವತ್ತಾರು’ ಎಂದೆ. ಇಡೀ ವರ್ಗ ನಕ್ಕಿತು. ನಾನೇನೂ ಸುಳ್ಳು ಹೇಳಿರಲಿಲ್ಲ. ಅವ್ವ ನನ್ನಿಂದ ಬರೆಸುತ್ತಿದ್ದ ಇನ್‌ಲ್ಯಾಂಡ್ ಲೆಟರಿನ ಮೇಲೆ ಅಪ್ಪನ ನಂಬರು, ಹೆಸರು, ಪಲ್ಟಣ, ಕೊನೆಗೆ ಕೇರ್ ಆಫ್ 56 ಎಪಿಒ, ಅಂದರೆ ಆರ್ಮಿ ಪೋಸ್ಟ್ ಆಫೀಸು. ಊರಿಲ್ಲ, ಜಿಲ್ಲೆಯಿಲ್ಲ. ಅಟ್ಲಾಸಿನಲ್ಲೂ ಹುಡುಕಿ ಸೋತಿದ್ದೆ.

1972ರ ಆಗಸ್ಟ್ 15ರಂದು ಪಿನ್ ಕೋಡ್ ಬಂದಾಗ ದೇಶವನ್ನೆಲ್ಲ ಎಂಟು ವಲಯಕ್ಕೆ ಹಂಚಿ, ಒಂಬತ್ತನ್ನು ಸೈನ್ಯಕ್ಕೆ ಬಿಟ್ಟರು. ನಮ್ಮ ಬೈಲಹೊಂಗಲದ 591102 ಹಿಡಿದು ಹೊರಟರೆ ಅಗಸಿಗೆ ಬಂದು ಮುಟ್ಟಬಹುದು. ಒಂಬತ್ತರಿಂದ ಶುರುವಾಗುವ ನಂಬರಿಗೆ ನೆಲವೇ ಇಲ್ಲ. ಕಾಗದ ದಿಲ್ಲಿಗೆ ಹೋಗಿ, ಪಲ್ಟಣದ ಪ್ರಕಾರ ಬೇರೆಯಾಗಿ, ಆ ಪಲ್ಟಣ ಎಲ್ಲಿ ಬೀಡು ಬಿಟ್ಟಿದೆಯೋ ಅಲ್ಲಿಗೆ ಸಾಗುತ್ತಿತ್ತು. ಮರಳಿ ಬಂದ ಉತ್ತರದ ಮುದ್ರೆಯಲ್ಲೂ ಫೀಲ್ಡ್ ಪೋಸ್ಟ್ ಆಫೀಸಿನ ನಂಬರಷ್ಟೇ. ಒಂದು ವರ್ಷ 56 ಹೋಗಿ 99 ಆಯಿತು. ಅದು ಕಲ್ಕತ್ತಾ ಮುಖಾಂತರ ಪೂರ್ವದ ಕಡೆ ಹೋಗುವ ಟಪಾಲು ಎಂದು ಓಣಿಯ ಮಾಜಿ ಸೈನಿಕರೊಬ್ಬರು ಹೇಳಿದರು. ಅಪ್ಪನ ಬಗ್ಗೆ ನಮಗೆ ಸಿಕ್ಕ ಖಚಿತ ಸುದ್ದಿ ಅದೊಂದೇ. ಭಾರತ ಹುಣ್ಣಿಮೆಗೆ ಸವದತ್ತಿ ಗುಡ್ಡದಲ್ಲಿ ಅವ್ವ ‘ಎಲ್ಲೇ ಇರಲಿ, ಕಾಯವ್ವಾ’ ಎಂದು ಬೇಡಿಕೊಳ್ಳುತ್ತಿದ್ದಳು. ಎಲ್ಲಮ್ಮನಿಗೆ ಪಿನ್ ಕೋಡ್ ಬೇಕಿಲ್ಲವಲ್ಲ.

ರಜೆಗೆ ಬಂದಾಗಲೂ ಅಪ್ಪ ಬಾಯಿ ಬಿಡುತ್ತಿರಲಿಲ್ಲ. ‘ಎಲ್ಲಿದ್ರಿ?’ ಅಂದರೆ ‘ಡ್ಯೂಟಿ ಮ್ಯಾಲೆ’. ಟ್ರಂಕಿನಿಂದ ಅಕ್ರೋಟು ಬಿದ್ದರೆ ಕಾಶ್ಮೀರ, ಬೆತ್ತದ ಬುಟ್ಟಿ ಬಂದರೆ ಅಸ್ಸಾಂ ಎಂದು ನಾವೇ ಲೆಕ್ಕ ಹಾಕಿಕೊಳ್ಳಬೇಕು. ಅದೇ ಮನುಷ್ಯ ಕಿತ್ತೂರ ಕೋಟೆಗೆ ಕರೆದೊಯ್ದರೆ ಮಾತೋ ಮಾತು! 1824ರ ಅಕ್ಟೋಬರ್ 23ರಂದು ಇಂಗ್ಲಿಷರ ಕಲೆಕ್ಟರ್ ಥ್ಯಾಕರೆ ಬಿದ್ದದ್ದು, ಡಿಸೆಂಬರಿನಲ್ಲಿ ಅವರು ದೊಡ್ಡ ದಂಡು ಕಟ್ಟಿ ತಿರುಗಿ ಬಂದದ್ದು, ರಾಣಿ ಚೆನ್ನಮ್ಮ ನಮ್ಮೂರ ಕೋಟೆಯಲ್ಲೇ ಸೆರೆಯಿದ್ದು 1829ರಲ್ಲಿ ತೀರಿಕೊಂಡದ್ದು, ಎಲ್ಲವನ್ನೂ ಕಣ್ಣಾರೆ ಕಂಡವರ ಹಾಗೆ ಹೇಳುವರು. ಪರರ ಯುದ್ಧವೆಲ್ಲ ಬಾಯಿಪಾಠ, ತಮ್ಮದು ಮಾತ್ರ ಮುಚ್ಚಿದ ಲಕೋಟೆ.

ರಾಮದುರ್ಗದ ನೇಕಾರರ ಮನೆಯ ಹುಡುಗನನ್ನು ನಾನು ಮದುವೆಯಾದಾಗ ಅಪ್ಪ ಪೆನ್ಶನ್ ತೊಗೊಂಡು ಮನೆಯಲ್ಲೇ ಇದ್ದರು. ಬೈಯಲಿಲ್ಲ, ಬರಲೂ ಇಲ್ಲ. ಹನ್ನೊಂದು ವರ್ಷ ಮಾತಿಲ್ಲ. ಅವ್ವನಿಗೆ ಕಾಗದ ಬರೆಯುತ್ತಿದ್ದೆ; ಕಳಿಸಿದವರ ವಿಳಾಸದ ಜಾಗ ಮಾತ್ರ ಖಾಲಿ ಬಿಡುತ್ತಿದ್ದೆ. ಗುಟ್ಟು ಅವರಿಗೊಬ್ಬರಿಗೇ ಬರುತ್ತದೆಯೇ?

ಅವ್ವ ಹೋದ ವರ್ಷದ ತಿಥಿಗೆ ಊರಿಗೆ ಬಂದೆ. ಕರಿ ಟ್ರಂಕಿನಲ್ಲಿ ನನ್ನ ಕಾಗದಗಳು ತಾರೀಖಿನ ಪ್ರಕಾರ ಕಟ್ಟಿಟ್ಟಿದ್ದವು. ಒಂದೊಂದರ ಮುದ್ರೆಯ ಸುತ್ತ ಕೆಂಪು ಪೆನ್ಸಿಲ್ಲಿನ ಗೆರೆ: ರಾಮದುರ್ಗ, ರಾಮದುರ್ಗ, ರಾಮದುರ್ಗ.

‘ಗೊತ್ತಿತ್ತೇನ್ರಿ?’ ಅಂದೆ.

‘ಮುದ್ರಿ ಇತ್ತಲ್ಲ. ನಮ್ಮಂಗ ನಂಬರಿನ ಮುದ್ರಿ ಅಲ್ಲ ಅದು.’

ಮತ್ತೆ ಯಾಕೆ ಬರಲಿಲ್ಲ ಎಂದು ಕೇಳಬೇಕೆನ್ನುವಷ್ಟರಲ್ಲಿ ಎದ್ದು ನನ್ನ ಚೀಲ ಬಾಗಿಲಿಗೆ ತಂದಿಟ್ಟರು.

‘ಸವದತ್ತಿ ಮ್ಯಾಲೆ ಹೋಗೂ ಬಸ್ಸು ಹಿಡಿ. ಎಡಕ್ಕ ಕುಂದ್ರು, ಸಂಜೀ ಬಿಸಲು ಬಲಕ್ಕ ಹೊಡಿತೈತಿ.’