ಭೀಮಾ ದಂಡೆಯಲ್ಲಿ ಮೂರು ಹಳದಿ ವೈರು

ಸಿನಿಮಾದ ನಾಯಕನಿಗೆ ಬೈಕು ಎಂದಾದರೂ ಕೈಕೊಟ್ಟಿದ್ದು ಕಂಡಿದ್ದೀರಾ? ನಮಗೆ ಕೊಟ್ಟಿತು. ಆಳಂದದಲ್ಲೇ ಸೆಲ್ಫು ಗೊಣಗಿತ್ತು. ಗೆಳೆಯನ ತಾಯಿಯ ಇನ್ಸುಲಿನ್ ಐಸ್ ಡಬ್ಬಿಯಲ್ಲಿತ್ತು. ಸಂಜೆಯೊಳಗೆ ಜೇವರ್ಗಿ ಮುಟ್ಟಬೇಕು. ಕಲಬುರಗಿಯ ನೇರ ದಾರಿ ಬಿಟ್ಟು ಅಫಜಲಪುರದ ಮೇಲೆ ಹೋಗೋಣ, ಭೀಮಾ ನೋಡಿದ ಹಾಗಾಗುತ್ತೆ ಅಂದವನು ನಾನೇ!

ತೊಗರಿ ಹೊಲಗಳ ನಡುವೆ, ಅಫಜಲಪುರದ ಹತ್ತಿರ ಎಂಜಿನ್ ಎರಡು ಸಲ ಸೀನಿ ಸುಮ್ಮನಾಯಿತು. ತಳ್ಳಿದರೂ ಏಳಲಿಲ್ಲ. ಇಂಜೆಕ್ಷನ್ ಗಾಡಿ ನೋಡಿ, ಟ್ಯಾಂಕಿನೊಳಗಿನ ಪಂಪಿಗೂ ಕರೆಂಟೇ ಬೇಕು.

"ಹೊಸಾ ಬ್ಯಾಟರಿ ಹಾಕ್ರಿ" ಅಂದೆ. ಮಿಸ್ತ್ರಿ ನಕ್ಕ.

"ರೊಕ್ಕ ಹೆಚ್ಚಾಗ್ಯಾವೇನ್ರಿ? ಮೊದ್ಲ ಮೀಟರ್ ಹಚ್ಚೂಣು."

ಬೇರೆ ಬ್ಯಾಟರಿಯಿಂದ ವೈರು ಕೊಟ್ಟು ಎಂಜಿನ್ ಎಬ್ಬಿಸಿ, ವೈರು ತೆಗೆದ. ಎಷ್ಟು ತಿರುವಿದರೂ ಮೀಟರ್ 12 ದಾಟದು. 13.5ರಿಂದ 14.5 ವೋಲ್ಟ್ ಬರಬೇಕಿತ್ತು. ಬರೀ ಖರ್ಚು, ಜಮಾ ಇಲ್ಲ!

ಮ್ಯಾಗ್ನೆಟ್ ಕಾಯಿಲಿನ ಮೂರು ಹಳದಿ ವೈರಿನ ಸಾಕೆಟ್ ಬಿಚ್ಚಿದ. ಎರಡೆರಡರ ನಡುವೆ ಎಸಿ ಸಮ. ಬಾಡಿಗೆ ಅರ್ತ್ ಇಲ್ಲ. ಕಾಯಿಲ್ ಗಟ್ಟಿ. ಸಾಕೆಟ್ಟಿನ ಎರಡು ಪಿನ್ನು ಮಾತ್ರ ಸುಟ್ಟು ಕರ್ರಗಾಗಿದ್ದವು. ಪಿನ್ನು ಸಡಿಲಾದರೆ ಬಿಸಿ, ಬಿಸಿಯಾದಷ್ಟೂ ಇನ್ನೂ ಸಡಿಲ. ಕತ್ತರಿಸಿ, ಬೆಸೆದು, ಟೇಪ್ ಸುತ್ತಿದ. 14.1!

ಬ್ಯಾಟರಿ ಬೇಗ ತುಂಬಲೆಂದು ಹೆಡ್‌ಲೈಟಿನ ಸಾಕೆಟ್ಟನ್ನೂ ಕಿತ್ತ. 2017ರ ಏಪ್ರಿಲ್‌ನಿಂದ ಬಂದ ಗಾಡಿಗಳಿಗೆ ದೀಪ ಆರಿಸುವ ಸ್ವಿಚ್ಚೇ ಇಲ್ಲವಲ್ಲ.

"ಹೊತ್ತು ಮುಳುಗೂದ್ರಾಗ ಹಚ್ಚಿಕೊಳ್ರಿ ಮತ್ತ."

ಅಮರ್ಜಾ ಬಂದು ಭೀಮೆಗೆ ಸೇರುವ ಗಾಣಗಾಪುರದಲ್ಲಿ ಗಾಡಿ ನಿಲ್ಲಿಸಲೇ ಇಲ್ಲ. ದತ್ತಾತ್ರೇಯನಿಗೆ ದೂರದಿಂದಲೇ ನಮಸ್ಕಾರ. ಜೇವರ್ಗಿಯಲ್ಲಿ ಡಬ್ಬಿ ತೆರೆದಾಗ ಐಸು ನೀರಾಗಿತ್ತು. ಬಾಟಲಿ ಇನ್ನೂ ತಣ್ಣಗಿತ್ತು.